ಅಜ್ಜಿಗೆ ಎರಡು ಸಲ ಹೇಳು

ಮಾರ್ಚ್ 6, ಗುರುವಾರ

ಕೇಂದ್ರ ಕಚೇರಿಯ ಮಾನ್ಯ ಮುಖ್ಯ ತಂತ್ರಜ್ಞರ ಸನ್ನಿಧಿಗೆ,

ಗ್ರಂಥಾಲಯದ ಶಾಖೆಯೊಂದರಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ...

ಸಾಕು. ಈ ಧಾಟಿಯಲ್ಲಿ ಎರಡನೇ ಸಾಲು ಬರೆಯಲು ನನ್ನಿಂದಾಗದು. ನೀನು ನನ್ನ ತಮ್ಮ. ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು. ಎರಡು ವರ್ಷದಿಂದ ನಾವು ಮಾತು ಬಿಟ್ಟಿದ್ದೇವೆ, ಸರಿ. ಇದು ಮಾತಲ್ಲ, ದೂರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬ್ರೈಲ್ ಕೋಣೆಯ ಬಾಗಿಲು ತೆಗೆದು, ಎಂದಿನಂತೆ ಕಿಟಕಿ ಕಡೆಯಿಂದ ಶುರುಮಾಡಿ ಹದಿನಾಲ್ಕು ಮೆಷಿನ್‌ಗಳ ಸ್ವಿಚ್ಚನ್ನೂ ಒತ್ತುತ್ತಾ ಹೋದೆ. ಗೋಡೆ ಮುಟ್ಟುವ ಹೊತ್ತಿಗೆ ಮೊದಲನೆಯದು ಎದ್ದಿರಬೇಕಿತ್ತು. ಏಳಲಿಲ್ಲ. ಹದಿನಾಲ್ಕೂ ‘ವಿಳಾಸ ಸಿಗಲಿಲ್ಲ’ ಎಂದು ಒಂದೇ ಸಾಲು ತೋರಿಸಿ ಮೊಂಡು ಹಿಡಿದು ನಿಂತುಬಿಟ್ಟವು. ಆರಿಸಿ ಹಾಕಿದೆ, ತಂತಿ ಕಿತ್ತು ಸಿಕ್ಕಿಸಿದೆ, ಮೇಜಿನ ಕೆಳಗೆ ತೆವಳಿದೆ. ಮಂಡಿ ನೋವು ಬಂತೇ ಹೊರತು ಬೇರೇನೂ ಬರಲಿಲ್ಲ.

ನೀನು ದೊಡ್ಡವನಾಗಿದ್ದೀಯಲ್ಲ, ಮರೆತಿರಬಹುದು. ಅದಕ್ಕೇ ಒಂದನೇ ಕ್ಲಾಸಿನ ಮಗುವಿಗೆ ಹೇಳುವಂತೆ ಹೇಳುತ್ತೇನೆ. ಈ ಮೆಷಿನ್‌ಗಳ ಹೊಟ್ಟೆಯಲ್ಲಿ ಡಿಸ್ಕ್ ಇಲ್ಲ. ಸ್ವಿಚ್ ಹಾಕಿದೊಡನೆ ನೆಟ್‌ವರ್ಕ್ ಕಾರ್ಡಿನ ಚಿಪ್‌ನಲ್ಲಿರುವ ಪುಟ್ಟ ಪ್ರೋಗ್ರಾಂ, ನೀವು ಫರ್ಮ್‌ವೇರ್ ಅನ್ನುತ್ತೀರಲ್ಲ ಅದು, ‘ನಾನೀಗ ಏನು ಮಾಡಲಿ?’ ಎಂದು ತಂತಿಯ ಮೇಲೆ ಕೂಗಿ ಕೇಳುತ್ತದೆ. ಉತ್ತರವಾಗಿ ಒಂದು ಸ್ಕ್ರಿಪ್ಟ್ ಬರುತ್ತದೆ. ತಂತಿಯನ್ನು ಹೊಸದಾಗಿ ಹಿಡಿ, ನಿನ್ನ ವಿಳಾಸ ಕೇಳಿಕೋ, ಇಂಥಲ್ಲಿಂದ ಇಂಥದ್ದನ್ನು ತಂದುಕೊಂಡು ಏಳು ಎಂದು ಅದರಲ್ಲಿ ಸಾಲುಸಾಲಾಗಿ ಆಜ್ಞೆ ಇರುತ್ತದೆ. ಹದಿನೆಂಟು ವರ್ಷ ಹಳೆಯ ಚಿಪ್‌ಗೆ ಗೊತ್ತಿರುವ ಆಜ್ಞೆಗಳು ಕೆಲವೇ ಕೆಲವು. ಹೊಸದನ್ನು ಕಲಿಸುವುದಕ್ಕೂ ಆಗುವುದಿಲ್ಲ. ಕಾರ್ಖಾನೆಯಲ್ಲೇ ಬರೆದು ಬೀಗ ಹಾಕಿ ಕಳಿಸಿದ್ದಾರೆ. ಹಾಗಾಗಿ ಅದಕ್ಕೆ ತಿಳಿಯುವಂತೆ ಬರೆಯಬೇಕಾದವನು ಸ್ಕ್ರಿಪ್ಟ್ ಬರೆಯುವವನು.

ಸ್ಕ್ರಿಪ್ಟ್ ತೆಗೆದು ನೋಡಿದೆ. ಅರ್ಧಕ್ಕರ್ಧ ಇಳಿದುಹೋಗಿದೆ. ತಲೆಯ ಮೇಲೆ ‘ಅನಗತ್ಯ ಸಾಲುಗಳನ್ನು ತೆಗೆದು ಸ್ವಚ್ಛಗೊಳಿಸಲಾಗಿದೆ’ ಎಂಬ ಟಿಪ್ಪಣಿ. ಅದರ ಕೆಳಗೆ ನಿನ್ನ ಗುರುತು.

ಮೂರು ಸಲ ನಿಮ್ಮ ವೆಬ್‌ಸೈಟಿನಲ್ಲಿ ದೂರು ಹಾಕಿದೆ. ‘ನಿಮ್ಮ ಸಮಸ್ಯೆ ಬಗೆಹರಿದಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಎಂದು ಮೂರು ಸಲವೂ ಉತ್ತರ ಬಂತು. ಬಗೆಹರಿದಿದೆಯಂತೆ! ಯಾರ ಸಮಸ್ಯೆ ಬಗೆಹರಿದದ್ದು? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಗುಂಡಿ ಒತ್ತಿ ಮುಚ್ಚಲು ಬರುವುದಿಲ್ಲ. ಹರಿದು ಹಾಕಬೇಕೆಂದರೂ ಮೊದಲು ಕೈಯಲ್ಲಿ ಹಿಡಿಯಬೇಕು.

ಒಂಬತ್ತೂ ಕಾಲಿಗೆ ಟೆಲಿಫೋನ್ ಮೇಡಂ ಬಂದರು. ನಿನಗೆ ಅವರು ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ಕಣ್ಣು ಹೋದ ಮೇಲೆ ಕಾನೂನು ಓದುತ್ತಿದ್ದಾರೆ. ಜೂನ್ ಎರಡಕ್ಕೆ ಕೊನೆಯ ಪರೀಕ್ಷೆ. ಒಂಬತ್ತನೇ ಮೆಷಿನ್ ಮುಂದೆ ಕೂತು, ಪರದೆಯ ಅಕ್ಷರಗಳನ್ನು ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಪಟ್ಟಿಯ ಮೇಲೆ ಬೆರಳಿಟ್ಟರು. ಚುಕ್ಕಿಗಳು ಏಳಲಿಲ್ಲ. “ಏನಮ್ಮಾ, ಇವತ್ತು ಇದಕ್ಕೆ ರಜಾನಾ?” ಎಂದು ಕೇಳಿದರು. ಏನೆಂದು ಉತ್ತರ ಕೊಡಲಿ? ನನ್ನ ತಮ್ಮ ಸ್ವಚ್ಛ ಮಾಡಿದ್ದಾನೆ ಎನ್ನಲೇ?

ಮೇ ಹದಿನಾಲ್ಕಕ್ಕೆ ತಪಾಸಣೆ. ಅಂದು ಮೆಷಿನ್‌ಗಳು ಏಳದಿದ್ದರೆ ಅವು ಗುಜರಿಗೆ, ಕೋಣೆ ಮೀಟಿಂಗ್ ಹಾಲ್‌ಗೆ. ಸುತ್ತೋಲೆ ನಿಮ್ಮಲ್ಲಿಂದಲೇ ಬಂದಿದೆ. ತೆಗೆದ ಸಾಲುಗಳನ್ನು ಮತ್ತೆ ಇದ್ದಲ್ಲಿ ಇಡು. ಫೋನ್ ಮಾಡಬೇಡ.

ಇತಿ,
ಶಾಖೆಯ ಒಬ್ಬ ಸಿಬ್ಬಂದಿ


ಮಾರ್ಚ್ 13

ಅಕ್ಕನಿಗೆ,

ಕಾಗದ ತಲುಪಿತು. ನೀನು ಸಿಟ್ಟಿನಲ್ಲಿದ್ದೀಯ, ಆದರೂ ಇರುವ ವಿಷಯ ಹೇಳಲೇಬೇಕು.

ನಮ್ಮದು ಮುನ್ನೂರು ಶಾಖೆ. ಎಲ್ಲಕ್ಕೂ ಒಂದೇ ಸ್ಕ್ರಿಪ್ಟ್. ಕಳೆದ ಹದಿನೆಂಟು ವರ್ಷಗಳಲ್ಲಿ ಯಾರ‍್ಯಾರೋ ಬಂದು ತಮಗೆ ಬೇಕಾದ ಸಾಲು ಸೇರಿಸಿ ಹೋಗಿದ್ದಾರೆ. ಈ ಕಾರ್ಡ್ ಆದರೆ ಹೀಗೆ ಹೋಗು, ಆ ಚಿಪ್ ಆದರೆ ಹಾಗೆ ಹೋಗು. ಏನಾದರೂ ಬದಲಾಯಿಸಿದರೆ ಎಲ್ಲಿ ಏನು ಮುರಿಯುತ್ತದೋ ಎಂದು ಯಾರೂ ಕೈ ಹಾಕುತ್ತಿರಲಿಲ್ಲ. ನಾನು ಹಾಕಿದೆ. ಆರುನೂರು ಸಾಲು ಇದ್ದದ್ದು ಇನ್ನೂರೆಂಬತ್ತಕ್ಕೆ ಇಳಿಯಿತು. ಮುನ್ನೂರರಲ್ಲಿ ಇನ್ನೂರ ತೊಂಬತ್ತೊಂಬತ್ತು ಶಾಖೆಗಳು ಮೊದಲಿಗಿಂತ ಬೇಗ ಏಳುತ್ತಿವೆ. ಈ ಕೆಲಸಕ್ಕೆ ಮೆಚ್ಚುಗೆ ಪತ್ರವೂ ಬಂದಿದೆ.

ನಿನ್ನ ಮೆಷಿನ್‌ಗಳಿಗೆ ಹದಿನೆಂಟು ವರ್ಷ. ಹೊಸದು ಬೇಕೆಂದು ಅರ್ಜಿ ಹಾಕಿದರೆ ಕೊಡಿಸುತ್ತೇನೆ. ಆ ಹಳೆಯ ಸಾಲುಗಳನ್ನು ವಾಪಸ್ ಹಾಕಬೇಕೆಂದರೆ ಪರಿಶೀಲನಾ ಸಭೆ ಒಪ್ಪಬೇಕು. ಒಪ್ಪುವುದಿಲ್ಲ. ಕಾರಣ ಕೇಳುತ್ತಾರೆ, ಕಾರಣ ಬರೆದಿರುವ ರೀತಿ ನೋಡು. ಒಂದು ಕಡೆ ವಿಳಾಸ ಕೇಳುವ ಆಜ್ಞೆ ಒಂದರ ಕೆಳಗೊಂದು ಎರಡು ಸಲ ಇತ್ತು. ತಪ್ಪಿ ಎರಡು ಸಲ ಬಿದ್ದಂತೆ. ಪಕ್ಕದಲ್ಲಿ ಟಿಪ್ಪಣಿ: ‘ಅಜ್ಜಿಗೆ ಎರಡು ಸಲ ಹೇಳು’. ಅದನ್ನು ಸಭೆಯಲ್ಲಿ ಓದಿದಾಗ ಎಲ್ಲರೂ ನಕ್ಕರು. ಒಂದು ಸಂಸ್ಥೆಯ ಸ್ಕ್ರಿಪ್ಟ್‌ನಲ್ಲಿ ಹೀಗೆಲ್ಲ ಬರೆಯುವುದುಂಟೇ?

ಎರಡು ವರ್ಷದಿಂದ ಮಾತು ಬಿಟ್ಟವಳು ನೀನು, ನಾನಲ್ಲ. ಆ ಸಮಾರಂಭದ ಮರುದಿನ ಬೆಳಿಗ್ಗೆಯೇ ನಾನು ಫೋನ್ ಮಾಡಿದ್ದೆ. ನೀನು ಎತ್ತಲಿಲ್ಲ.

ತಮ್ಮ


ಮಾರ್ಚ್ 18, ಮಂಗಳವಾರ

ತಮ್ಮಾ,

ಎಲ್ಲರೂ ನಕ್ಕರು ಎಂದು ಬರೆದಿದ್ದೀಯ. ನೀನೂ ನಕ್ಕೆಯಾ? ಇದಕ್ಕೆ ಮೊದಲು ಉತ್ತರ ಬರೆ. ಮಿಕ್ಕಿದ್ದು ಆಮೇಲೆ.

ಹೊಸ ಮೆಷಿನ್ ಕೊಡಿಸುತ್ತಾನಂತೆ! ಅರ್ಜಿ ಹಾಕಬೇಕಂತೆ! ನಮ್ಮಲ್ಲಿ ಹೊಸ ಮೆಷಿನ್ ಇಲ್ಲವೆಂದು ನಿನಗೆ ಯಾರು ಹೇಳಿದರು? ಎರಡು ವರ್ಷದ ಹಿಂದೆ ಕಳಿಸಿದ ಆರು ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಹಾಗೇ ಕೂತಿವೆ. ಬ್ರೈಲ್ ಪಟ್ಟಿಯನ್ನು ಅವಕ್ಕೆ ಸಿಕ್ಕಿಸಲು ಬರುವುದಿಲ್ಲ. ಪಟ್ಟಿಯ ಪ್ಲಗ್ ಅಂಗೈ ಅಗಲ, ಹೊಸ ಮೆಷಿನ್ನಿನ ತೂತು ಉಗುರಗಲ. ನಡುವೆ ಸಿಕ್ಕಿಸುವ ತುಂಡುಗಳನ್ನು ಮೂರು ಬಗೆಯವು ತರಿಸಿ ನೋಡಿದೆ. ಒಂದರಲ್ಲಿ ಚುಕ್ಕಿಗಳು ಏಳಲಿಲ್ಲ, ಒಂದರಲ್ಲಿ ಎದ್ದವು ಇಳಿಯಲಿಲ್ಲ, ಒಂದರಲ್ಲಿ ಸುಟ್ಟ ವಾಸನೆ ಬಂತು. ಪಟ್ಟಿ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿ ಒಂಬತ್ತು ವರ್ಷವಾಯಿತು. ಇದನ್ನೆಲ್ಲ ವರದಿಯಲ್ಲಿ ಬರೆದು ಕಳಿಸಿದ್ದೆ. ಓದಿದವರು ಯಾರು? ಅದಕ್ಕೂ ನಕ್ಷತ್ರ ಕೇಳಿದರು.

ಧ್ವನಿಯಲ್ಲಿ ಕೇಳಬಹುದಲ್ಲ ಎಂದು ನಿನ್ನ ಬುದ್ಧಿವಂತರು ಹೇಳುತ್ತಾರೆ, ನನಗೆ ಗೊತ್ತು. ಟೆಲಿಫೋನ್ ಮೇಡಂ ಅವರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: “ನೋಡಮ್ಮಾ, ಕಾನೂನಲ್ಲಿ ಒಂದು ಅಲ್ಪವಿರಾಮ ಈಚೆಗೆ ಬಂದ್ರೆ ಮನೆ ನಂದು, ಆಚೆಗೆ ಹೋದ್ರೆ ಪಕ್ಕದವನದು. ಮೆಷಿನ್ ಗಟ್ಟಿಯಾಗಿ ಓದಿದ್ರೆ ಅಲ್ಪವಿರಾಮ ಕೇಳ್ಸಲ್ಲ. ಬೆರಳಿಗೆ ಸಿಗತ್ತೆ.” ಇಪ್ಪತ್ತೆರಡು ವರ್ಷ ಕಿವಿಯಿಂದಲೇ ಬದುಕಿದವರ ಮಾತಿದು.

ಹದಿನೈದು ದಿನದಿಂದ ಅವರು ಬರುತ್ತಾರೆ, ಆರಿದ ಪಟ್ಟಿಯ ಮುಂದೆ ಒಂದು ಗಂಟೆ ಕೂರುತ್ತಾರೆ, ಹೋಗುತ್ತಾರೆ. ಯಾಕೆ ಬರುತ್ತೀರಿ ಎಂದು ಕೇಳಿದರೆ “ಜಾಗ ಖಾಲಿ ಬಿಟ್ರೆ ಬೇರೆಯೋರು ಕುರ್ಚಿ ಹಾಕ್ಕೋತಾರೆ” ಅನ್ನುತ್ತಾರೆ. ನಿನಗೆ ಮೆಚ್ಚುಗೆ ಪತ್ರ ಬಂದಿದೆ, ಅಲ್ಲವೇ? ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು. ಇನ್ನೂರ ತೊಂಬತ್ತೊಂಬತ್ತು ಶಾಖೆ ಬೇಗ ಏಳುತ್ತಿವೆಯಂತೆ. ಎಷ್ಟು ಬೇಗ? ನಾಲ್ಕು ಸೆಕೆಂಡು. ನಾಲ್ಕು ಸೆಕೆಂಡು ಉಳಿಸಿ ಅಲ್ಲಿ ಯಾರು ಏನು ಕಡಿದು ಕಟ್ಟೆ ಹಾಕುತ್ತಿದ್ದಾರೆ?

ಫೋನ್ ಮಾಡಿದ್ದನಂತೆ. ಆರು ಗಂಟೆ ಬಸ್ಸಿನಲ್ಲಿ ಕೂತು, ಇಸ್ತ್ರಿ ಮುದುಡದಂತೆ ಸೀರೆಯನ್ನು ಚೀಲದಲ್ಲಿ ಮೇಲಿಟ್ಟುಕೊಂಡು, ನಿಲ್ದಾಣದಲ್ಲಿ ಉಟ್ಟುಕೊಂಡು ಬಂದಿದ್ದೆ. ತಮ್ಮ ಮುಖ್ಯ ತಂತ್ರಜ್ಞನಾಗಿದ್ದಾನೆ ಎಂದು. ನಿನ್ನ ಮೇಲಧಿಕಾರಿ “ಇವರು ಯಾರು?” ಎಂದು ಕೇಳಿದರು. ನೀನು ಏನೆಂದೆ? “ನಮ್ಮ ಒಂದು ಶಾಖೆಯ ಸಿಬ್ಬಂದಿ.” ಅವರು ನನಗೆ ಕೈಮುಗಿದರು, ನಾನೂ ಮುಗಿದೆ. ಆಮೇಲೆ ಊಟ ಮಾಡದೆ ಬಸ್ ಹತ್ತಿದೆ. ಆ ಬಸ್ಸಿನಲ್ಲಿ ನಾನು ಅತ್ತಿಲ್ಲ, ತಿಳಿದಿರಲಿ. ಸಿಟ್ಟಿನಲ್ಲಿ ಅಳು ಬರುವುದಿಲ್ಲ.

ನೀನು ನಕ್ಕೆಯೋ ಇಲ್ಲವೋ, ಬರೆ.

ಅಕ್ಕ


ಏಪ್ರಿಲ್ 2

ಅಕ್ಕನಿಗೆ,

ತಡವಾಯಿತು.

ಪಟ್ಟಿಯ ವಿಷಯ ನನಗೆ ಗೊತ್ತಿರಲಿಲ್ಲ. ನಿನ್ನ ವರದಿ ಹುಡುಕಿ ತೆಗೆದೆ. ಯಾರೂ ತೆರೆದಿರಲಿಲ್ಲ.

ಸಭೆಗೆ ಹೋಗದೆ ಒಂದು ದಾರಿ ಇದೆ. ನಿಮ್ಮ ಶಾಖೆಯ ಕಪಾಟಿನಲ್ಲಿರುವ ಪುಟ್ಟ ಸರ್ವರ್‌ನಲ್ಲಿ ಸ್ಕ್ರಿಪ್ಟ್‌ನ ಪ್ರತಿ ಇರುತ್ತದೆ. ಅದನ್ನು ನೀನು ತಿದ್ದಬಹುದು. ಮರುದಿನ ಬೆಳಿಗ್ಗೆ ಆರಕ್ಕೆ ಇಲ್ಲಿಂದ ಹೊಸ ಪ್ರತಿ ಬಂದು ಅದನ್ನು ಅಳಿಸುತ್ತದೆ, ಆದ್ದರಿಂದ ದಿನಾ ಬೆಳಿಗ್ಗೆ ಟೈಪ್ ಮಾಡಬೇಕು. ಒಟ್ಟು ಹನ್ನೊಂದು ಸಾಲು. ನಮ್ಮ ಇಮೇಲ್ ಸ್ಕ್ರಿಪ್ಟ್‌ಗಳನ್ನು ಹೊರಗೆ ಬಿಡುವುದಿಲ್ಲ, ಅದಕ್ಕೇ ಹಿಂದಿನ ಹಾಳೆಯಲ್ಲಿ ಕೈಯಲ್ಲೇ ಬರೆದಿದ್ದೇನೆ. ಹಳೆಯದಕ್ಕಿಂತ ಅಚ್ಚುಕಟ್ಟಾಗಿದೆ. ಒಂದೇ ಆಜ್ಞೆಯನ್ನು ಎರಡು ಸಲ ಬರೆಯುವ ಬದಲು, ವಿಳಾಸ ಸಿಗುವವರೆಗೆ ಐದರ ತನಕ ಎಣಿಸುತ್ತಾ ಮತ್ತೆ ಮತ್ತೆ ಕೇಳುತ್ತದೆ.

ನನ್ನ ಹೆಸರು ಎಲ್ಲೂ ಹೇಳಬೇಡ.

ತಮ್ಮ


ಏಪ್ರಿಲ್ 9, ಬುಧವಾರ

ತಮ್ಮಾ,

ನಿನ್ನ ಹೆಸರು ಹೇಳುವ ಪ್ರಮೇಯವೇ ಬರಲಿಲ್ಲ. ನಿನ್ನ ಅಚ್ಚುಕಟ್ಟಾದ ಹನ್ನೊಂದು ಸಾಲು ಕೆಲಸ ಮಾಡಲಿಲ್ಲ.

ನಾಲ್ಕು ದಿನ ಬೆಳಿಗ್ಗೆ ಆರೂಕಾಲಿಗೆ ಬಂದು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದು ಅಕ್ಷರ ನೋಡಿ ಟೈಪ್ ಮಾಡಿದೆ. ತಪ್ಪು ನನ್ನದಿರಬಹುದು ಎಂದುಕೊಂಡೆ. ಯಾಕೆಂದರೆ ಬರೆದವನು ಮುಖ್ಯ ತಂತ್ರಜ್ಞ ನೋಡು. ಐದನೇ ದಿನ ಒಂದೊಂದೇ ಸಾಲು ಬಿಟ್ಟು ನೋಡಿದೆ. ಮೂರನೇ ಸಾಲಿಗೆ ನಿಲ್ಲುತ್ತದೆ. ಎಣಿಸು ಎನ್ನುವ ಆಜ್ಞೆ ಈ ಚಿಪ್‌ಗೆ ಗೊತ್ತೇ ಇಲ್ಲ. ಅದು ಬಂದದ್ದು ಇವು ಹುಟ್ಟಿ ಐದಾರು ವರ್ಷದ ಮೇಲೆ.

ಇದಕ್ಕೆ ಎಣಿಸಲು ಬರುವುದಿಲ್ಲ ಕಣೋ! ಅದಕ್ಕೇ ಅಲ್ಲವೇ ನೀನು ಅವತ್ತು ಒಂದೇ ಸಾಲನ್ನು ಎರಡು ಸಲ ಬರೆದದ್ದು?

ಹೌದು, ನೀನು. ಇಷ್ಟು ಕಾಗದಗಳಲ್ಲಿ ನೀನೇ ಹೇಳುತ್ತೀಯೇನೋ ಎಂದು ಬಾಯಿಗೆ ಬೀಗ ಹಾಕಿಕೊಂಡು ಕಾದೆ. ‘ಯಾರ‍್ಯಾರೋ ಬಂದು ಸಾಲು ಸೇರಿಸಿ ಹೋಗಿದ್ದಾರೆ’ ಎಂದು ಬರೆದೆಯಲ್ಲ, ಯಾರೋ ಅದು ಯಾರ‍್ಯಾರೋ? ಕಾಲೇಜಿನ ರಜೆಯಲ್ಲಿ ಮನೆಯಲ್ಲಿ ಬೇಸರ ಅಂತ ನನ್ನ ಜೊತೆ ಬಂದು, ಈ ಹದಿನಾಲ್ಕೂ ಯಾಕೆ ಏಳುತ್ತಿಲ್ಲ ಎಂದು ಹನ್ನೊಂದು ದಿನ ಒಂಬತ್ತನೇ ಮೆಷಿನ್ ಮುಂದೆ ಕೂತವನು ಯಾರು? ತಂತಿಯನ್ನು ಹೊಸದಾಗಿ ಹಿಡಿದ ಕೂಡಲೇ ಕೇಳಿದರೆ ಆ ಕಡೆ ಕೇಳಿಸುವುದಿಲ್ಲ, ಮೊದಲನೇ ಕೂಗು ಎಬ್ಬಿಸುವುದಕ್ಕೆ, ಎರಡನೆಯದು ಕೇಳುವುದಕ್ಕೆ ಎಂದು ಕಂಡುಹಿಡಿದು ಮೇಜು ಬಡಿದು ಕುಣಿದವನು ಯಾರು? “ಅಕ್ಕಾ, ಇದು ನಮ್ಮ ಅಜ್ಜಿ ಥರಾನೇ! ಒಂದ್ಸಲ ಕರೆದ್ರೆ ತಲೆ ಎತ್ತುತ್ತೆ, ಎರಡನೇ ಸಲಕ್ಕೆ ಓ ಅನ್ನುತ್ತೆ!” ಎಂದು ಆ ಮೆಷಿನ್‌ಗೆ ಅಜ್ಜಿ ಎಂದು ಹೆಸರಿಟ್ಟವನು ಯಾರು? ಟಿಪ್ಪಣಿ ಬರೆಯದೆ ಸಾಲು ಸೇರಿಸಬಾರದು, ನಾಳೆ ಬರುವವರಿಗೆ ಯಾಕೆ ಅಂತ ಗೊತ್ತಾಗಬೇಕು ಎಂದು ನಾನು ಹೇಳಿದೆ. ನೀನು ನಕ್ಕೊಂಡು ಟೈಪ್ ಮಾಡಿದೆ.

ನಾಳೆ ಬರುವವರು ನೀನೇ ಆಗಿರುತ್ತೀಯ ಎಂದು ನನಗೇನು ಗೊತ್ತಿತ್ತು?

ನಿನ್ನ ತೊಂದರೆ ಏನೆಂದು ಹೇಳಲೇ? ಪರೀಕ್ಷೆ ಮಾಡಲು ನಿನ್ನ ಹತ್ತಿರ ಹಳೆಯ ಕಾರ್ಡ್ ಒಂದೂ ಇಲ್ಲ. ಎಲ್ಲ ಗುಜರಿಗೆ ಹಾಕಿಸಿದ್ದೀಯ. ಕಣ್ಣೆದುರಿಗೆ ಇಲ್ಲದ್ದು ಇಲ್ಲವೇ ಇಲ್ಲ ಎಂದುಕೊಂಡಿದ್ದೀಯ. ಆದ್ದರಿಂದ ಅಜ್ಜಿಯ ಕಾರ್ಡನ್ನು ಬಿಚ್ಚಿ ಈ ಪಾರ್ಸೆಲ್‌ನಲ್ಲಿ ಕಳಿಸುತ್ತಿದ್ದೇನೆ. ಹಳೆಯ ಟವೆಲಿನಲ್ಲಿ ಸುತ್ತಿದೆ, ಒಳಗೆ ಕಪ್ಪು ಕವರಿನಲ್ಲಿದೆ, ಬರಿಗೈಯಲ್ಲಿ ಚಿನ್ನದ ಹಲ್ಲುಗಳನ್ನು ಮುಟ್ಟಬೇಡ. ಕಳೆದುಹೋದರೆ ನಮ್ಮದು ಹದಿಮೂರೇ ಮೆಷಿನ್. ಟೆಲಿಫೋನ್ ಮೇಡಂ ನಾಲ್ಕನೇ ಮೆಷಿನ್‌ಗೆ ಹೋಗಿದ್ದಾರೆ. ಕುರ್ಚಿ ಕಿರುಗುಟ್ಟುತ್ತದೆ ಎಂದು ಬೈಯುತ್ತಿದ್ದಾರೆ. ನನ್ನನ್ನಲ್ಲ, ನಿನ್ನನ್ನು. ನಿನ್ನ ಹೆಸರು ಹೇಳಿದ್ದೇನೆ.

ನಕ್ಕೆಯೋ ಇಲ್ಲವೋ ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಅಕ್ಕ


ಏಪ್ರಿಲ್ 28

ಅಕ್ಕಾ,

ಪಾರ್ಸೆಲ್ ಹದಿನೇಳಕ್ಕೇ ಬಂತು. ಹನ್ನೊಂದು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ಟವೆಲ್ ಬಿಚ್ಚಿದ ಕೂಡಲೇ ಗುರುತು ಸಿಕ್ಕಿತು, ನೀಲಿ ಅಂಚಿನದು. ಆ ರಜೆಯಲ್ಲಿ ಶಾಖೆಯಲ್ಲಿ ನಿನ್ನ ಮೇಜಿನ ಕೆಳಗೆ ಮಲಗುವಾಗ ತಲೆಗೆ ಮಡಚಿಕೊಳ್ಳುತ್ತಿದ್ದದ್ದು.

ಸ್ಟೋರಿನಲ್ಲಿ ಗುಜರಿಗೆ ಹೋಗಬೇಕಿದ್ದ ಹಳೆಯ ಪೆಟ್ಟಿಗೆ ಒಂದು ಸಿಕ್ಕಿತು, ಅದಕ್ಕೆ ಕಾರ್ಡ್ ಹಾಕಿದೆ. ನನ್ನ ಸ್ವಚ್ಛ ಸ್ಕ್ರಿಪ್ಟ್ ಕೊಟ್ಟೆ. ವಿಳಾಸ ಸಿಗಲಿಲ್ಲ. ಎಣಿಸುವ ಸ್ಕ್ರಿಪ್ಟ್ ಕೊಟ್ಟೆ. ಮೂರನೇ ಸಾಲಿಗೆ ನಿಂತಿತು, ನೀನು ಹೇಳಿದ್ದೇ ಸರಿ. ಮತ್ತೆ ಬುದ್ಧಿ ಉಪಯೋಗಿಸಿ ಇನ್ನೂ ನಾಲ್ಕು ಬಗೆಯಲ್ಲಿ ಬರೆದೆ. ಒಂದೂ ಆಗಲಿಲ್ಲ. ಕೊನೆಗೆ ಅದೇ ಸಾಲನ್ನು ಒಂದರ ಕೆಳಗೊಂದು ಎರಡು ಸಲ ಬರೆದೆ. ಮೊದಲನೆಯದಕ್ಕೆ ಸುಮ್ಮನಿತ್ತು. ಎರಡನೆಯದಕ್ಕೆ ಎದ್ದಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಹನ್ನೊಂದು ದಿನದಲ್ಲಿ ಕಂಡುಹಿಡಿದದ್ದನ್ನು ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ಹನ್ನೊಂದು ದಿನ ಹಿಡಿದು ಕಂಡುಹಿಡಿದೆ.

ಹೌದು, ನಾನೂ ನಕ್ಕೆ. ಸಭೆಯಲ್ಲಿ ಆ ಟಿಪ್ಪಣಿಯನ್ನು ಓದಿದವನೇ ನಾನು. ಮೊದಲು ನಕ್ಕವನೂ ನಾನೇ. ಯಾರು ಬರೆದದ್ದು ಎಂದು ಯಾರಾದರೂ ಕೇಳುವ ಮೊದಲೇ ನಕ್ಕುಬಿಟ್ಟರೆ ಕೇಳುವುದಿಲ್ಲ, ಅದಕ್ಕೇ. ಸಾಲನ್ನು ಅಳಿಸುವಾಗ ಅದು ಯಾಕೆ ಇದೆ ಎಂಬುದೂ ನೆನಪಿತ್ತು. ಆ ಮೆಷಿನ್‌ಗಳು ಇಷ್ಟು ಹೊತ್ತಿಗೆ ಸತ್ತಿರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಫೋನ್ ಮಾಡಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಫೋನ್ ಮಾಡಬೇಕಾದದ್ದು ನಿನಗೆ, ಅದಕ್ಕೇ ಮಾಡಲಿಲ್ಲ.

ಇಲ್ಲಿರುವವರೆಲ್ಲ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಓದಿ ಬಂದವರು. ನೀವೆಲ್ಲಿ ಕಲಿತದ್ದು ಎಂದು ಕೇಳಿದಾಗಲೆಲ್ಲ ನಾನು ಕಾಲೇಜಿನ ಹೆಸರು ಹೇಳುತ್ತೇನೆ. ಮೂರನೇ ದರ್ಜೆಯಲ್ಲಿ ಪಾಸಾದ ಕಾಲೇಜದು. ಕಲಿತದ್ದು ಅಕ್ಕನ ಮೇಜಿನ ಕೆಳಗೆ ಎಂದು ಒಂದು ಸಲವೂ ಹೇಳಲು ಬಾಯಿ ಬರಲಿಲ್ಲ. ಆ ದಿನ ಸಮಾರಂಭದಲ್ಲಿ ಮೇಲಧಿಕಾರಿ ಕೇಳಿದಾಗಲೂ ಬರಲಿಲ್ಲ. ನನಗೆ ನಾಚಿಕೆಯಾಗಿತ್ತು ಅಕ್ಕಾ. ನಿನ್ನ ಬಗ್ಗೆ. ಈಗ ನನ್ನ ಬಗ್ಗೆ ಆಗುತ್ತಿದೆ.

ಮೇ ಆರಕ್ಕೆ ಸಭೆ ಇದೆ. ವಿಷಯ ಇಡುತ್ತೇನೆ. ಅಲ್ಲಿಯವರೆಗೆ ಈ ಹಾಳೆಯಲ್ಲಿರುವ ಒಂಬತ್ತು ಸಾಲು ದಿನಾ ಬೆಳಿಗ್ಗೆ ಟೈಪ್ ಮಾಡಿಕೋ. ಈ ಸಲ ಏಳುತ್ತವೆ.

ತಮ್ಮ


ಮೇ 3

ತಮ್ಮಾ,

ಎದ್ದವು. ಹದಿಮೂರೂ ಎದ್ದವು. ಟೆಲಿಫೋನ್ ಮೇಡಂ ಎರಡು ದಿನದಿಂದ ಕುರ್ಚಿ ಬಿಟ್ಟು ಅಲ್ಲಾಡಿಲ್ಲ. ಎರಡು ತಿಂಗಳ ಓದು ಬಾಕಿ ಇದೆ, ಮಾತಾಡಿಸಬೇಡಿ ಎಂದಿದ್ದಾರೆ.

ಆದರೆ ದಿನಾ ಬೆಳಿಗ್ಗೆ ಆರೂಕಾಲಿಗೆ ಬಂದು ಕಳ್ಳಿಯ ಹಾಗೆ ಟೈಪ್ ಮಾಡುವುದು ನನಗೆ ಒಗ್ಗುವುದಿಲ್ಲ. ಸರಿಯಾಗಿರುವುದನ್ನು ಸರಿಯಾಗಿದೆ ಎಂದು ಹೇಳಲು ಕದ್ದುಮುಚ್ಚಿ ಯಾಕೆ ಮಾಡಬೇಕು? ನಾನು ಯಾರ ಮನೆಗೆ ಕನ್ನ ಹಾಕಿದ್ದೇನೆ? ಆರನೇ ತಾರೀಖು ನಿನ್ನ ಬಾಯಿ ತೆರೆಯದಿದ್ದರೆ ನಾನೇ ಬಸ್ ಹತ್ತಿ ಬರುತ್ತೇನೆ. ಈ ಸಲ ಯಾರೆಂದು ಕೇಳಿದರೆ ನಾನೇ ಹೇಳಿಕೊಳ್ಳುತ್ತೇನೆ.

ಅಕ್ಕ


ಮೇ 7

ಅಕ್ಕಾ,

ಬಸ್ ಹತ್ತಬೇಡ. ಬಾಯಿ ತೆರೆದೆ.

ಮೆಚ್ಚುಗೆ ಪತ್ರ ಕೊಟ್ಟವರೇ ಅಧ್ಯಕ್ಷರು. ತೆಗೆದ ಸಾಲುಗಳಲ್ಲಿ ಒಂಬತ್ತನ್ನು ವಾಪಸ್ ಹಾಕಬೇಕು ಎಂದೆ. ಯಾವುದು ಎಂದು ಕೇಳಿದರು. ಓದುತ್ತಾ ಹೋದೆ. ‘ಅಜ್ಜಿಗೆ ಎರಡು ಸಲ ಹೇಳು’ ಬಂದಾಗ ಎಲ್ಲರೂ ಮತ್ತೆ ನಕ್ಕರು. ನಾನು ನಗಲಿಲ್ಲ. ನಗು ನಿಲ್ಲುವವರೆಗೆ ಕಾದೆ. ಹಾಗೆ ಕಾಯುವುದು ಎಷ್ಟು ಕಷ್ಟ ಎಂದು ನಿನ್ನೆ ಗೊತ್ತಾಯಿತು. ಆಮೇಲೆ, “ಇದನ್ನ ಬರೆದವನು ನಾನು. ಬರೆಯೋಕೆ ಕಲಿಸಿದ್ದು ನಮ್ಮಕ್ಕ. ಅವರು ಇವತ್ತಿಗೂ ಆ ಶಾಖೆಯಲ್ಲಿದ್ದಾರೆ, ಆ ಮೆಷಿನ್‌ಗಳು ಇವತ್ತಿಗೂ ನಡೀತಿವೆ” ಎಂದೆ.

ಅಧ್ಯಕ್ಷರು, “ಪ್ರತಿ ಸಲ ಸ್ಕ್ರಿಪ್ಟ್ ಬದಲಾದಾಗ್ಲೂ ಈ ಹಳೇದನ್ನ ಯಾರು ಪರೀಕ್ಷೆ ಮಾಡ್ತಾರೆ?” ಎಂದರು. ಟವೆಲಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟೆ. ಪರೀಕ್ಷೆಯ ಹೊಣೆ ನನ್ನ ಮೇಲೆ, ಬ್ರೈಲ್ ಪಟ್ಟಿಗಳು ಬಾಳುವಷ್ಟು ದಿನ. ಹಾಗೆಂದು ನಡಾವಳಿಯಲ್ಲಿ ಬರೆಸಿದರು. ಮೆಚ್ಚುಗೆ ಪತ್ರದ ಬಗ್ಗೆ ಯಾರೂ ಮಾತೆತ್ತಲಿಲ್ಲ. ನಾನೇ ವಾಪಸ್ ಕೊಟ್ಟೆ.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಆರಕ್ಕೆ ಇಲ್ಲಿಂದ ಹೋಗುವ ಪ್ರತಿಯಲ್ಲಿ ಆ ಸಾಲುಗಳು ಇರುತ್ತವೆ. ನೀನು ಅಂದು ಏನೂ ಟೈಪ್ ಮಾಡಬೇಡ. ಕಾರ್ಡ್ ಈಗಲೇ ಕಳಿಸಲೇ? ತಪಾಸಣೆಗೆ ಹದಿನಾಲ್ಕೂ ಬೇಕಾಗಬಹುದು.

ತಮ್ಮ


ಮೇ 16, ಶುಕ್ರವಾರ

ತಮ್ಮಾ,

ಕಾರ್ಡ್ ಕಳಿಸಬೇಡ. ಕಾರಣ ಆಮೇಲೆ.

ತಪಾಸಣಾಧಿಕಾರಿ ಹತ್ತಕ್ಕೆ ಬರುತ್ತೇನೆ ಎಂದು ಹನ್ನೊಂದೂವರೆಗೆ ಬಂದರು. ಬಂದವರೇ ಮೊದಲು ಮಾಡಿದ್ದು ಏನು ಗೊತ್ತೇ? ಜೊತೆಗೆ ತಂದ ಟೇಪಿನಲ್ಲಿ ಗೋಡೆಯಿಂದ ಗೋಡೆಗೆ ಅಳತೆ. ಮೀಟಿಂಗ್ ಹಾಲ್‌ಗೆ ಎಷ್ಟು ಕುರ್ಚಿ ಹಿಡಿಯುತ್ತದೆ ಎಂದು ಲೆಕ್ಕ. ಮೆಷಿನ್ ನೋಡುವ ಮೊದಲೇ! ಟೇಪಿನ ತುದಿಯ ಮೇಲೆ ಕಾಲಿಟ್ಟು ನಿಂತೆ. “ಸಾರ್, ತಪಾಸಣೆ ಮೊದಲಾ, ಅಳತೆ ಮೊದಲಾ?” ಎಂದೆ.

“ನೋಡೋಣ, ಹಾಕಿ” ಎಂದರು. ನಾಲ್ಕನೇ ಮೆಷಿನ್ ಮುಂದೆ ಟೆಲಿಫೋನ್ ಮೇಡಂ ಕೂತಿದ್ದರು. ಅವರೇ ಸ್ವಿಚ್ ಒತ್ತಿದರು. ಪರದೆ ಕಪ್ಪಗಾಗಿ, ಮೊದಲನೇ ಸಾಲು ಬಂತು: ‘ವಿಳಾಸ ಸಿಗಲಿಲ್ಲ’. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. “ಇದು ಸತ್ತೋಗಿದೆ ಬಿಡಿ” ಎಂದು ಬರೆಯಲು ಶುರುಮಾಡಿದರು. ಬೆಳಿಗ್ಗೆ ನೀನು ಹೇಳಿದಂತೆ ಏನೂ ಟೈಪ್ ಮಾಡಿರಲಿಲ್ಲ, ಅಧಿಕಾರಿ ಬರುವ ಮೊದಲು ಹಾಕಬಾರದೆಂದು ಸುತ್ತೋಲೆಯಲ್ಲಿದ್ದದ್ದರಿಂದ ಒಂದನ್ನೂ ಹಾಕಿ ನೋಡಿರಲೂ ಇಲ್ಲ. ಇವನನ್ನು ನಂಬಿ ಕೆಟ್ಟೆನಲ್ಲ ಎಂದು ನಿನಗೆ ಬಾಯಿಗೆ ಬಂದಂತೆ ಬೈದುಕೊಂಡೆ.

ಮೇಡಂ ಮಾತ್ರ ತಲೆ ಎತ್ತಲಿಲ್ಲ. ಬೆರಳು ಪಟ್ಟಿಯ ಮೇಲೇ ಇತ್ತು. ಅವರಿಗೆ ಪರದೆ ಬೇಕಿಲ್ಲ, ಪೆಟ್ಟಿಗೆಯೊಳಗಿನ ಟಿಕ್ ಸದ್ದು ಕೇಳಿದರೆ ಸಾಕು. “ತಾಳಿ ಸಾರ್, ಬರೀಬೇಡಿ. ಇನ್ನೊಂದ್ಸಲ ಕೂಗುತ್ತೆ” ಎಂದರು. ಮೂರು ಸೆಕೆಂಡು. ಟಿಕ್ ಎಂದಿತು. ಎದ್ದಿತು. ಪಟ್ಟಿಯ ಮೇಲೆ ಚುಕ್ಕಿಗಳು ಸರಸರ ಎದ್ದವು. ಮೇಡಂ ಬೆರಳಾಡಿಸಿ ಗಟ್ಟಿಯಾಗಿ ಓದಿದರು, ಅಲ್ಪವಿರಾಮ ಬಂದಲ್ಲೆಲ್ಲ ‘ಅಲ್ಪವಿರಾಮ’ ಎಂದು ಹೇಳುತ್ತಾ. ಅಧಿಕಾರಿ ಸಾಕು ಎನ್ನುವವರೆಗೂ ನಿಲ್ಲಿಸಲಿಲ್ಲ. ಸಾಕು ಎಂದ ಮೇಲೂ ಆ ವಾಕ್ಯ ಮುಗಿಸಿಯೇ ನಿಲ್ಲಿಸಿದರು.

ಹದಿಮೂರನ್ನೂ ಎಬ್ಬಿಸಿ ತೋರಿಸಿದೆ. ಒಂಬತ್ತನೆಯದರ ಹತ್ತಿರ ಬಂದಾಗ, ಮುಸುಕು ಹಾಕಿದ್ದನ್ನು ನೋಡಿ, “ಇದು?” ಎಂದರು. “ಇದು ಕೇಂದ್ರ ಕಚೇರಿಗೆ ಕೆಲಸದ ಮೇಲೆ ಹೋಗಿದೆ ಸಾರ್” ಎಂದೆ. ನಿನ್ನ ಸಭೆಯ ನಡಾವಳಿಯನ್ನು ತೋರಿಸಿದೆ. ಓದಿದರು. ಹದಿನಾಲ್ಕೂ ಚಾಲ್ತಿಯಲ್ಲಿವೆ ಎಂದು ಬರೆದು ರುಜು ಹಾಕಿ, ಟೇಪ್ ಸುತ್ತಿಕೊಂಡು ಹೋದರು. ಕೋಣೆ ಉಳಿಯಿತು. ಆದ್ದರಿಂದ ಅಜ್ಜಿ ನಿನ್ನ ಮೇಜಿನ ಮೇಲೇ ಇರಲಿ. ಅದು ಏಳದೆ ಒಂದು ಸ್ಕ್ರಿಪ್ಟೂ ನಿನ್ನ ಕಚೇರಿಯ ಹೊಸ್ತಿಲು ದಾಟಬಾರದು. ಟವೆಲ್ ಮಾತ್ರ ಒಗೆದು ವಾಪಸ್ ಕಳಿಸು, ಅದು ನನ್ನದು.

ಇಷ್ಟಾಯಿತೆಂದು ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಒಂದು ಉಳಿದಿದೆ.

ಸಮಾರಂಭದ ಮರುದಿನ ಬೆಳಿಗ್ಗೆ ಫೋನ್ ಮಾಡಿದ್ದೆ ಎಂದು ನೀನು ನಿನ್ನ ಮೊದಲನೇ ಕಾಗದದಲ್ಲಿ ಬರೆದಿದ್ದೆ. ಹೌದು, ನೀನು ಮಾಡಿದ್ದೆ. ಫೋನು ನನ್ನ ಕೈಯಲ್ಲೇ ಇತ್ತು. ಬಡಿದುಕೊಳ್ಳುತ್ತಲೇ ಇತ್ತು, ನಾನು ನೋಡುತ್ತಲೇ ಇದ್ದೆ. ನಿಂತಿತು. ಇನ್ನೊಂದು ಸಲ ಮಾಡಿದರೆ ಎತ್ತೋಣ ಎಂದು ಅದನ್ನು ಹಿಡಿದುಕೊಂಡೇ ಮಧ್ಯಾಹ್ನದವರೆಗೆ ಮನೆಯೊಳಗೆ ಓಡಾಡಿದೆ. ಅಂದು ಕೆಲಸಕ್ಕೂ ಹೋಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಹಾಕಿದ ರಜೆಗಳನ್ನು ಬೆರಳಲ್ಲಿ ಎಣಿಸಬಹುದು, ಅದರಲ್ಲಿ ಅದೊಂದು. ನೀನು ಮಾಡಲಿಲ್ಲ. ಅಂದೂ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ, ಎರಡು ವರ್ಷ ಮಾಡಲಿಲ್ಲ. ಒಂದು ಡಬ್ಬಾ ಮೆಷಿನ್ನಿಗೆ ಎರಡು ಸಲ ಹೇಳಬೇಕೆಂದು ಹನ್ನೊಂದು ದಿನ ಕೂತು ಕಂಡುಹಿಡಿದವನು ನೀನು. ಅಕ್ಕನಿಗೆ ಮಾತ್ರ ಒಂದೇ ಸಲವೇನೋ?

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲಿರುತ್ತೇನೆ. ಮೊದಲನೇ ಸಲಕ್ಕೆ ಎತ್ತುವುದಿಲ್ಲ, ಈಗಲೇ ಹೇಳಿರುತ್ತೇನೆ.

ಅಕ್ಕ